ಕರೆದರೂ ತಿರುಗದ ತಿಪ್ಪಕ್ಕ

ಹಿರಿಯೂರಿನ ಕಾಯಿ ಮಂಡಿಯಲ್ಲಿ ಕೆಲಸಕ್ಕೆ ನಿಂತರೆ ತಿಪ್ಪಕ್ಕ ಯಾರು ಕರೆದರೂ ತಿರುಗುತ್ತಿರಲಿಲ್ಲ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ತೆಂಗಿನಕಾಯಿ ಚುಚ್ಚಿ, ಸೊಂಟ ಬಗ್ಗಿಸಿ ಒಂದು ತಿರುವು ಕೊಟ್ಟರೆ ಸಿಪ್ಪೆ ಚರ್ರನೆ ಬಿಡುತ್ತಿತ್ತು. ಆ ಹೊತ್ತಿನಲ್ಲಿ ಮಗ್ಗುಲಲ್ಲೇ ಜಗಳ ಹತ್ತಿಕೊಂಡರೂ ಅವಳಿಗೆ ಕಿವಿ ಇಲ್ಲ. ಕೈಯಲ್ಲಿನ ಕಾಯಿ ಮುಗಿದ ಮೇಲೆಯೇ "ಏನ್ರಿ?" ಎನ್ನುವಳು.

ಒಮ್ಮೆ ಮಂಡಿ ಯಜಮಾನರಿಗೆ ರೇಗಿತು. "ಏನಮ್ಮ, ಕಿವುಡೇನು ನೀನು?"

"ಕಿವಿ ಅವೆ ಸ್ವಾಮಿ. ತಿರುಗಿದ್ರೆ ಬೆರಳು ಇರಲ್ಲ."

ಎಡಗೈ ಎತ್ತಿ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಉದ್ದನೆಯ ಹಳೆ ಗಾಯದ ಗೆರೆ. ಯಾರೋ ಕರೆದರೆಂದು ತಿರುಗಿದ ದಿನದ ಗುರುತು ಅದು.

ನಮ್ಮವ್ವ ಅವಳ ಪಕ್ಕದಲ್ಲೇ ಕಾಯಿ ಸುಲಿಯುತ್ತಿದ್ದಳು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ದಿನಾ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಓಡಾಡಿ ಓದಿದವಳು. ಮೊದಲ ವರ್ಷವೇ ಇಂಗ್ಲಿಷಿನಲ್ಲಿ ಫೇಲಾಗಿ, ನಾನೂ ಕಾಯಿ ಸುಲಿಯುತ್ತೇನೆಂದು ಮಂಡಿಗೆ ಬಂದು ಕೂತೆ. ಅವ್ವ ಅಳತೊಡಗಿದಳು. ತಿಪ್ಪಕ್ಕ ಎದುರಿನ ರಾಶಿ ತೋರಿಸಿದಳು.

"ಲೇ ಮಂಜಿ, ಇದನ್ನ ನೋಡಿದ್ರೆ ಏನನಿಸ್ತೈತೆ?"

"ಓಡಿಹೋಗಾಣ ಅನಿಸ್ತೈತೆ."

"ನನಗೂ ದಿನಾ ಅನಿಸ್ತೈತೆ. ಅದ್ಕೇ ಅತ್ತ ನೋಡಲ್ಲ. ಕೈಯಾಗಿರೋ ಕಾಯಿ ನೋಡ್ತೀನಿ. ಎದ್ದೋಗು, ಒಂದು ಪಾಠ ಸುಲಿ."

ಸುಲಿದೆ. ಪಾಸಾದೆ.

ಅವಳದು ಇನ್ನೊಂದು ವಿಚಿತ್ರವಿತ್ತು. ದಿನವಿಡೀ ತೆಂಗಿನಕಾಯಿ ಮುಟ್ಟುವವಳು ಒಂದು ಚೂರನ್ನೂ ಬಾಯಿಗಿಡುತ್ತಿರಲಿಲ್ಲ. ಚಟ್ನಿಯಿಲ್ಲ, ಕಾಯಿ ಹಾಕಿದ ಸಾರಿಲ್ಲ, ಬರೀ ಉಪ್ಪು ಖಾರದಲ್ಲಿ ಮುದ್ದೆ ನುಂಗುವಳು. ಏನನ್ನೋ ಮನಸ್ಸಿನಲ್ಲಿ ಅಂದುಕೊಂಡು ಬಿಟ್ಟಿದ್ದಾಳೆ, ಅದು ಆಗುವವರೆಗೆ ತಿನ್ನುವುದಿಲ್ಲ ಎಂಬುದಷ್ಟೇ ನಮಗೆ ಗೊತ್ತು. ಭಾನುವಾರ ಬಂತೆಂದರೆ ಹೊಸದುರ್ಗದ ಬಸ್ ಹತ್ತುವಳು. ಅಲ್ಲಿನ ಯಾವುದೋ ದೇವರಿಗೆ ನಡೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆವು.

"ಬಿಟ್ಟೋದ ಗಂಡ ಬರ್ಲಿ ಅಂತ ಹರಕೇನಾ ಅಕ್ಕಾ?" ಎಂದು ಮಂಡಿಯವರು ಕೆಣಕುತ್ತಿದ್ದರು.

"ಬರ್ಲಿ, ಈ ಕಬ್ಬಿಣಕ್ಕೇ ಚುಚ್ತೀನಿ."

ಅವಳು ಕಾಯಿ ಬಿಟ್ಟಿದ್ದು ನನ್ನ ಓದಿಗಾಗಿಯೇ ಎಂದು ನಾನು ಒಳಗೊಳಗೇ ನಂಬಿದ್ದೆ. ಡಿಗ್ರಿ ರಿಸಲ್ಟ್ ಬಂದ ದಿನ ಕೊಬ್ಬರಿ ಮಿಠಾಯಿ ಕೊಂಡು ಮಂಡಿಗೆ ಓಡಿದೆ. "ಈಗ ತಿನ್ನಕ್ಕ!" ಎಂದು ಬಾಯಿಗೆ ಹಿಡಿದೆ. ನನ್ನನ್ನು ತಬ್ಬಿಕೊಂಡಳು, ಅತ್ತಳು, ಮಿಠಾಯಿಯ ಕೈಯನ್ನು ಮಾತ್ರ ಸರಿಸಿದಳು.

"ನಿಂದು ಆತು ಕಣವ್ವ. ನಂದು ಆಗ್ಬೇಕಲ್ಲ."

ಕಪಾಳಕ್ಕೆ ಹೊಡೆದಂತಾಯಿತು. ಅವಳಿಗೂ ಅವಳದೇ ಆದ ಒಂದು ಆಸೆ ಇರಬಹುದೆಂದು ಅಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಏನದು ಎಂದು ಕೇಳಿದೆ.

"ಬಾಯ್ಬಿಟ್ರೆ ಆಗೇಬಿಟ್ಟಂಗೆ ಅನಿಸ್ತೈತೆ. ಆಮ್ಯಾಕೆ ಮೈ ಬಗ್ಗಲ್ಲ, ಹೋಗು."

ಚಿತ್ರದುರ್ಗದಲ್ಲಿ ನನಗೆ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಅವ್ವನ ಫೋನು. "ತಿಪ್ಪಿ ಚಟ್ನಿ ತಿಂದ್ಲು ಕಣೇ! ಬಟ್ಟಲು ನೆಕ್ಕಿದ್ಲು!"

"ಯಾಕವ್ವ? ಏನಾತು?"

"ಹೇಳಿದ್ರೆ ನಂಬಲ್ಲ ನೀನು. ಬಂದು ನೋಡು."

ಮಧ್ಯಾಹ್ನವೇ ಹಿರಿಯೂರಿನಲ್ಲಿ ಇಳಿದೆ. ಮಂಡಿಯ ತಿರುವಿನಲ್ಲಿ ಕಾಯಿ ತುಂಬಿದ ಟೆಂಪೊ ಎದುರಾಯಿತು. ಸ್ಟೇರಿಂಗ್ ಹಿಡಿದವಳು ತಿಪ್ಪಕ್ಕ!

ಹೊಸದುರ್ಗದಲ್ಲಿ ಅವಳು ನಡೆದುಕೊಂಡಿದ್ದು ಡ್ರೈವಿಂಗ್ ಸ್ಕೂಲಿಗೆ. ಲೈಸೆನ್ಸ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಮರುದಿನ ಏನೂ ಆಗದವಳಂತೆ ಬಂದು ಕಾಯಿ ಸುಲಿಯುತ್ತಿದ್ದಳಂತೆ. ಇಂಗ್ಲಿಷಿನಲ್ಲಿ ಫೇಲಾಗಿ ನಾನು ಮಂಡಿಗೆ ಬಂದು ಕೂತಿದ್ದೆನಲ್ಲ, ಆ ವಾರವೂ ಅವಳು ಫೇಲಾಗಿಯೇ ಬಂದಿದ್ದಳಂತೆ. ಲೈಸೆನ್ಸ್ ಕೈಗೆ ಬಂದ ಮೇಲೆಯೇ ಚಟ್ನಿ ಮುಟ್ಟಿದಳೆಂದು ಆಮೇಲೆ ಅವ್ವ ಹೇಳಿದಳು.

ಈಗ ಅವಳು ಹೊಳಲ್ಕೆರೆ ಕಡೆ ಗಾಡಿ ಓಡಿಸುತ್ತಾಳೆಂದು ಕೇಳಿದ್ದೇನೆ. ಆ ದಿನದ ಮೇಲೆ ಅವಳನ್ನು ನಾನು ಕಂಡಿಲ್ಲ. ಅಂದು ತಿರುವಿನಲ್ಲಿ ಕೈಬೀಸುತ್ತಾ, "ತಿಪ್ಪಕ್ಕಾ! ತಿಪ್ಪಕ್ಕಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಟೆಂಪೊ ನನ್ನ ಪಕ್ಕದಲ್ಲೇ ಹಾದುಹೋಯಿತು. ಸೆರಗು ಬಿಗಿದು, ಸ್ಟೇರಿಂಗ್ ಮೇಲೆ ಗಾಯದ ಹೆಬ್ಬೆರಳು ಒತ್ತಿ, ತಿಪ್ಪಕ್ಕ ರಸ್ತೆಯನ್ನೇ ನೋಡುತ್ತಿದ್ದಳು. ತಿರುಗಲಿಲ್ಲ.