ಸೀಬೆತೋಟದ ಸಾಹೇಬರು

ಇಸ್ಮಾಯಿಲ್ ಸಾಹೇಬರು ನಮ್ಮತ್ತೆಯ ತೋಟಕ್ಕೆ ಬರುವಾಗ ಕುಡಿಯುವ ನೀರನ್ನೂ ಮನೆಯಿಂದಲೇ ತರುತ್ತಿದ್ದರು. ತೋಟದಲ್ಲಿ ಬಾವಿಯಿತ್ತು, ಅದರ ನೀರು ಅಲ್ಲಾಳಸಂದ್ರಕ್ಕೆಲ್ಲ ಹೆಸರುವಾಸಿ. ಆದರೂ ಅವರು ಸೈಕಲ್ಲಿಗೆ ನೇತುಹಾಕಿದ ಹಿತ್ತಾಳೆ ಕೂಜದಿಂದ ಎರಡು ಗುಟುಕು ಕುಡಿದೇ ಲೆಕ್ಕದ ಪುಸ್ತಕ ಬಿಚ್ಚುತ್ತಿದ್ದರು. ಅಷ್ಟೊಂದು ಅತಿ ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅತ್ತೆ ಗೌರಮ್ಮನಿಗೆ ಒಬ್ಬಳೇ ಮಗಳು, ರತ್ನ. ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಮಾವ ತೀರಿಕೊಂಡ ಮೇಲೆ, ತಾನೂ ಕಣ್ಣು ಮುಚ್ಚಿದರೆ ನೆಂಟರು ಮಗಳನ್ನು ಬೀದಿಗೆ ತಳ್ಳುತ್ತಾರೆಂಬ ಭಯ ಅತ್ತೆಗೆ. ಹಾಗಾಗಿ ಐವತ್ತರ ದಶಕದ ಕೊನೆಯಲ್ಲಿ, ಇನ್ನೂ ಗಟ್ಟಿಮುಟ್ಟಾಗಿರುವಾಗಲೇ, ಎರಡು ಎಕರೆ ಸೀಬೆತೋಟವನ್ನು ಟ್ರಸ್ಟಿಗೆ ಬರೆದುಕೊಟ್ಟಳು. ಬಂದ ಹುಟ್ಟುವಳಿಯಲ್ಲಿ ತಾಯಿ ಮಗಳು ಉಣ್ಣಬೇಕು. ರತ್ನ ಬದುಕಿರುವವರೆಗೆ ನೆಲ ಮಾರಕೂಡದು. ನೋಡಿಕೊಳ್ಳಲು ನೆಂಟರನ್ನೆಲ್ಲ ಬಿಟ್ಟು ಯಲಹಂಕದ ಸಾಹೇಬರನ್ನು ಹಿಡಿದಳು. ಅವರು ರೈಲಿನ ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಬೇರೆಯವರ ಮೂಟೆ ಕಾದು ನಿವೃತ್ತರಾದ ಗುಮಾಸ್ತರು.

ಮೊದಲ ದಿನವೇ ಅವರು ವರ್ಷಕ್ಕೆ ಅರವತ್ತು ರೂಪಾಯಿ ಸಂಬಳ ಕೇಳಿದರು. "ಧರ್ಮದ ಕೆಲ್ಸಕ್ಕೂ ಕೂಲೀನಾ ಸಾಬ್ರೇ?" ಎಂದು ನಾನೇ ಚುಚ್ಚಿದೆ.

"ಪುಕ್ಕಟೆ ಮಾಡಿದ್ರೆ ನೀವು ಕೈ ಮುಗೀತೀರಿ, ಲೆಕ್ಕ ಕೇಳಲ್ಲ. ಕಾಸು ತಗೊಂಡ್ರೆ ಕುತ್ತಿಗೆಪಟ್ಟಿ ಹಿಡಿದು ಕೇಳ್ಬಹುದು. ಕೇಳಪ್ಪ," ಎಂದು ನಕ್ಕರು.

ಕಂದಾಯ, ಬೇಲಿ, ಬಾವಿಯ ಹೂಳು, ವಕೀಲರ ಫೀಸು, ಎಲ್ಲವೂ ಪುಸ್ತಕದಲ್ಲಿ. ಅದಕ್ಕಿಂತ ದೊಡ್ಡ ಕಾಟವೆಂದರೆ ಅವರ ಚೀಟಿ. ತೋಟದೊಳಗೆ ಎಷ್ಟಾದರೂ ತಿನ್ನಿ, ಆದರೆ ಬೇಲಿ ದಾಟುವ ಪ್ರತಿ ಹಣ್ಣಿಗೂ ದುಡ್ಡು ಕಟ್ಟಿ ಚೀಟಿ ಪಡೆಯಬೇಕು. ಒಮ್ಮೆ ಅತ್ತೆ ಬ್ಯಾಟರಾಯನಪುರದ ತಂಗಿಗೆಂದು ಒಂದು ಬುಟ್ಟಿ ಹಣ್ಣು ಹೊರಿಸಿದಾಗ ಸಾಹೇಬರು ಅಡ್ಡ ನಿಂತರು.

"ಅಯ್ಯೋ ಶಿವನೇ, ನಾನ್ ನೆಟ್ಟ ಮರ, ನಾನೇ ಕೊಟ್ಟ ತೋಟ. ನಂಗೂ ಚೀಟೀನಾ?"

"ಕೊಟ್ಟಾಯ್ತಲ್ಲಮ್ಮಾ. ಈಗ ನೀವೂ ಗಿರಾಕೀನೇ."

ಅತ್ತೆ ಗೊಣಗುತ್ತಲೇ ಸೆರಗಿನ ಗಂಟು ಬಿಚ್ಚಿದಳು.

ನನ್ನ ಸರದಿಯೂ ಬಂತು. ನನಗಾಗ ಲಾರಿ ಕೊಳ್ಳುವ ಹುಚ್ಚು. ಅಣ್ಣನ ಮಗನೆಂದು ಅತ್ತೆಗೆ ನನ್ನ ಮೇಲೆ ಪ್ರಾಣ. ರಸ್ತೆ ಪಕ್ಕದ ಅರ್ಧ ಎಕರೆ ಮಾರಲು ಒಪ್ಪಿಬಿಟ್ಟಳು. ಯಶವಂತಪುರದ ಗಿರಾಕಿಯೂ ಸಿಕ್ಕಿದ. ಸಾಹೇಬರ ರುಜು ಒಂದೇ ಬಾಕಿ. ಇಬ್ಬರೂ ಅವರ ಮನೆಗೆ ಹೋದೆವು. ಚಹಾ ಕೊಟ್ಟು, ಕಾಗದ ಓದಿ, ಮಡಿಸಿ ಹಿಂದಕ್ಕಿಟ್ಟರು.

"ನಾನೇ ಯೋಳ್ತಾ ಇವ್ನಲ್ಲ ಸಾಬ್ರೇ, ರುಜು ಆಕಿ," ಎಂದಳು ಅತ್ತೆ.

"ಬೇರೆಯವರಿಂದ ಅಷ್ಟೇ ಅಲ್ಲಮ್ಮಾ, ನಿಮ್ಮಿಂದಲೂ ರತ್ನನ ನೆಲ ಕಾಯೋಕೆ ನನ್ನ ಇಟ್ಟಿದ್ದೀರಿ. ಆಗಲ್ಲ."

ದಾರಿಯುದ್ದಕ್ಕೂ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಎರಡು ವರ್ಷ ಮಾತು ಬಿಟ್ಟೆ. ಆಮೇಲೆ ಅತ್ತೆ ತೀರಿಕೊಂಡಳು. ತಿಥಿಯ ಊಟದ ಎಲೆ ಎತ್ತುವ ಮೊದಲೇ ನೆಂಟರು ತೋಟ ಪಾಲು ಮಾಡಲು ಕೂತರು. ಸಾಹೇಬರು ಟ್ರಸ್ಟಿನ ಪತ್ರವನ್ನೂ ಅಷ್ಟೂ ವರ್ಷಗಳ ಪುಸ್ತಕಗಳನ್ನೂ ಅವರೆದುರು ಇಟ್ಟು, "ಒಂದು ತಪ್ಪು ತೋರಿಸಿ," ಎಂದರು. ಪುಟ ತಿರುವಿದವರಿಗೆ ಒಂದು ತಪ್ಪೂ ಸಿಗದೆ ಪಾಲಿನ ಮಾತು ಅಲ್ಲಿಗೇ ನಿಂತಿತು. ಏನು ನಡೆಯುತ್ತಿದೆಯೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದ ರತ್ನಳನ್ನು ಕಂಡು ನನಗೆ ನಾಚಿಕೆಯಾಯಿತು. ಆವತ್ತು ರುಜು ಬಿದ್ದಿದ್ದರೆ ಪಾಲು ಕೇಳುವವರಿಗೆ ದಾರಿ ತೋರಿಸಿದವನು ನಾನೇ ಆಗುತ್ತಿದ್ದೆ.

ಮುಂದೆ ಅವರ ಕಣ್ಣು ಮಂಜಾದಾಗ ಪುಸ್ತಕ ನನ್ನ ಕೈಗೆ ಬಂತು. ಅರವತ್ತು ರೂಪಾಯಿ ಸಂಬಳವನ್ನೂ ನನಗೆ ಬಲವಂತವಾಗಿ ಹೊರಿಸಿದರು.

ಅವರು ಹಾಸಿಗೆ ಹಿಡಿದಾಗ ಐದು ಸೀಬೆಹಣ್ಣು ಒಯ್ದೆ. ಹಣ್ಣು ಮುಟ್ಟುವ ಮೊದಲು ಕೈ ಚಾಚಿದರು. "ಚೀಟಿ?"

ಜೇಬಿನಿಂದ ತೆಗೆದುಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಓದಿ ದಿಂಬಿನಡಿ ಇಟ್ಟುಕೊಂಡರು. ಆ ತೋಟದ ಹಣ್ಣನ್ನು ಅವರು ಬಾಯಿಗಿಟ್ಟಿದ್ದು ಅದೇ ಮೊದಲು. ಮೆಲ್ಲಗೆ ಅಗಿದು ನನ್ನ ಮುಖ ನೋಡಿದರು.

"ಇಷ್ಟು ಸಿಹೀನಾ ಬೇಟಾ, ನಾನು ಕಾಯ್ತಿದ್ದಿದ್ದು?"

ಆ ವಾರವೇ ಹೋದರು. ರತ್ನ ಈಗಲೂ ತೋಟದಲ್ಲೇ ಇದ್ದಾಳೆ. ನಾನು ಹೋದಾಗಲೆಲ್ಲ ಬಾವಿಯತ್ತ ಕೈ ತೋರಿಸಿ, ನನ್ನ ಸೈಕಲ್ಲಿನ ಕೂಜ ನೋಡಿ ನಗುತ್ತಾಳೆ.