ಶರಬತ್ತಿನ ಮೂರು ಹನಿ

ಆರೋಗ್ಯ ಸಮೀಕ್ಷೆಗೆಂದು ವಿದ್ಯಾರಣ್ಯಪುರಂನಲ್ಲಿ ಮನೆಮನೆ ಸುತ್ತುತ್ತಿದ್ದ ದಿನಗಳವು. ವಾರಕ್ಕೆ ಎಷ್ಟು ಸಲ ಮದ್ಯ ಕುಡಿಯುತ್ತೀರಿ ಎಂದು ಕೇಳಿ, ಜನ ಹೇಳಿದ್ದನ್ನು ಹಾಗೇ ಬರೆದುಕೊಳ್ಳುವುದಷ್ಟೇ ನನ್ನ ಕೆಲಸ. ನಂಬಬೇಕೆಂದು ಯಾರೂ ಹೇಳಿರಲಿಲ್ಲ.

ಒಂದು ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು, ನನ್ನ ಪ್ರಶ್ನೆ ಮುಗಿಯುವ ಮೊದಲೇ, "ಜೀವಮಾನದಲ್ಲೇ ಮುಟ್ಟಿಲ್ಲ ಕಣಮ್ಮ, ಸೊನ್ನೆ ಹಾಕ್ಬುಡು" ಎಂದರು. ಹಾಕಿದೆ.

ಅಷ್ಟರಲ್ಲಿ ಅವರ ಹೆಂಡತಿ ನಮ್ಮಿಬ್ಬರಿಗೂ ಗಾಜಿನ ಲೋಟದಲ್ಲಿ ನಿಂಬೆ ಶರಬತ್ತು ತಂದುಕೊಟ್ಟರು. ಮೇಷ್ಟ್ರು ಲೋಟ ಎತ್ತಿ, ಅದಕ್ಕೆ ಬೆರಳದ್ದಿ, ಮೂರು ಹನಿಯನ್ನು ಠೀವಿಯಿಂದ ಗಾಳಿಗೆ ಚಿಮ್ಮಿಸಿ, ಆಮೇಲೆ ತುಟಿಗಿಟ್ಟರು. ಕುಡಿಯುವವರು ಮೊದಲ ಗುಟುಕಿಗೆ ಮುಂಚೆ ತಪ್ಪದೆ ಮಾಡುವ ಶಾಸ್ತ್ರ ಅದು!

"ಸಾರ್, ಶರಬತ್ತಿಗೂ ಇದನ್ನ ಮಾಡ್ತಾರಾ?" ಎಂದೆ. ಮೇಷ್ಟ್ರು ತಮ್ಮ ಒದ್ದೆ ಬೆರಳನ್ನೇ ನೋಡಿಕೊಂಡರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಗೆ ಮೇಷ್ಟ್ರೂ ಗಹಗಹಿಸಿ ನಕ್ಕುಬಿಟ್ಟರು.

"ಸರಿ, ಶನಿವಾರಕ್ಕೊಂದ್ಸಲ ಅಂತ ತಿದ್ಕೊ. ಅದಿರ್ಲಿ, ಇದು ಕುಡಿಯೋರ ಶಾಸ್ತ್ರ ಅಂತ ನಿಂಗೆ ಎಂಗಮ್ಮ ಗೊತ್ತಾಯ್ತು?"

ನಾನು ಬಹಳ ಗಂಭೀರವಾಗಿ ಅವರ ಸೊನ್ನೆಯನ್ನು ಹೊಡೆದುಹಾಕಿದೆ. ತರಬೇತಿಯ ದಿನ ಇದೇ ಪ್ರಶ್ನೆಗೆ ನಮ್ಮಿಂದಲೂ ಉತ್ತರ ಬರೆಸಿದ್ದರು. ನಾನೂ ಸೊನ್ನೆಯನ್ನೇ ಹಾಕಿದ್ದೆ.