ವಾಷರಿಗೆ ಸುತ್ತಿಕೊಂಡಿದ್ದ ಕೂದಲು

ಅತ್ತೆಯ ಮಂಡಿಗೆ ಆಪರೇಷನ್ ಆದಮೇಲೆ ಅವರಿಗೆ ಬಗ್ಗಿ ನೀರು ಮೊಗೆಯಲು ಆಗುತ್ತಿರಲಿಲ್ಲ. ಯಳಂದೂರಿನ ನಮ್ಮ ಬಚ್ಚಲಿನಲ್ಲಿ ನಾನೇ ಅವರಿಗೆ ಸ್ನಾನ ಮಾಡಿಸುತ್ತಿದ್ದೆ. ಅವರಿಗದು ಬಹಳ ಸಂಕೋಚ. ಗೋಡೆಗೆ ಮುಖ ಮಾಡಿ ಕೂತು, ಮುಗಿಯುವವರೆಗೂ ಈಚೆ ತಿರುಗುತ್ತಿರಲಿಲ್ಲ. ಬಚ್ಚಲು ಒಡೆಸಿ, ಕೂತಲ್ಲೇ ಕೈಯಲ್ಲಿ ಹಿಡಿದುಕೊಳ್ಳುವ ಶವರ್ ಹಾಕಿಸೋಣ ಎಂದು ನಾನೂ ನನ್ನ ಗಂಡನೂ ತೀರ್ಮಾನಿಸಿದೆವು.

ಕೆಲಸಕ್ಕೆ ಬಂದ ಪ್ಲಂಬರ್ ಹಳೆಯ ನಲ್ಲಿ ಬಿಚ್ಚಿದಾಗ ನಾನೂ ಇಣುಕಿ ನೋಡಿದೆ. ಒಳಗೆಲ್ಲ ಬೋರ್‌ವೆಲ್ ನೀರಿನ ಉಪ್ಪು ಗಟ್ಟಿಯಾಗಿ ಕೂತಿತ್ತು, ಅದರ ಹಿಂದೆ ಕಪ್ಪು ಲೋಳೆ. ಇದರ ನೀರಲ್ಲೇ ಇಷ್ಟು ವರ್ಷ ಬಾಯಿ ಮುಕ್ಕಳಿಸಿದ್ದೆವು. ಹೊಸದನ್ನು ನೋಡಿಯೇ ತರಬೇಕು ಎಂದು ಹಟ ಹಿಡಿದೆ.

"ಕೊಳ್ಳೇಗಾಲ್ದಲ್ಲಿ ನಮ್ಗ ಗೊತ್ತಿರ ಅಂಗ್ಡಿ ಅದ ಕಣಕ್ಕ, ಅಲ್ಲೇ ತಕ್ಕಳಿ," ಎಂದ ಪ್ಲಂಬರ್.

ಆ ಅಂಗಡಿಯ ಗೋಡೆ ತುಂಬಾ ನಲ್ಲಿಗಳು ಫಳಫಳ ಹೊಳೆಯುತ್ತಿದ್ದವು. ಮಾಲೀಕ ನನ್ನ ಗಂಡನ ಜೊತೆ ಮಾತ್ರ ಮಾತಾಡಿದ. "ನಮ್ದು ಗಡಸು ನೀರು. ಇದು ತಡೀತದಾ? ಒಳಗೆ ಹಿತ್ತಾಳೆನಾ?" ಎಂದು ನಾನು ಕೇಳಿದರೆ, ಅವನು ನನ್ನ ಗಂಡನ ಕಡೆ ನೋಡಿ ನಕ್ಕ.

"ಮೇಡಂಗೆ ಬಣ್ಣ ಯಾವ್ದು ಬೇಕು ಅಂತ ಕೇಳಿ ಸಾ. ಒಳಗಿಂದು ನಮ್ಗ ಬುಡಿ."

ನನ್ನ ಗಂಡನೂ ನಕ್ಕರು. ಅಂಗಡಿಯವನಿಗಿಂತ ಆ ನಗುವೇ ನನಗೆ ಹೆಚ್ಚು ಅಸಹ್ಯವಾಯಿತು. ಆದರೂ ಅವನು ಕೊಟ್ಟ ನಲ್ಲಿಗಳನ್ನೂ ಶವರನ್ನೂ ತಂದೆವು.

ಮಾರನೆಯ ದಿನ ಗಂಡ ಹನೂರಿಗೆ ಕೆಲಸಕ್ಕೆ ಹೋಗಿದ್ದರು. ಪ್ಲಂಬರ್ ಶವರಿನ ಡಬ್ಬಿ ತೆಗೆದು, ಪೈಪಿಗೆ ಸಿಕ್ಕಿಸಲು ತಿರುಪು ಬಿಚ್ಚಿದ. ಒಳಗಿನ ರಬ್ಬರ್ ವಾಷರಿಗೆ ಒಂದು ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ಅದಕ್ಕೆ ಹಳದಿ ಬಣ್ಣದ ಸೋಪಿನ ಕೊಳೆ ಮೆತ್ತಿಕೊಂಡಿತ್ತು. ಶವರಿನ ತೂತುಗಳ ಅಂಚಿನಲ್ಲಿ ಬಿಳಿ ಉಪ್ಪು. ಯಾರದೋ ಬಚ್ಚಲಿನಲ್ಲಿ ತಿಂಗಳುಗಟ್ಟಲೆ ನೇತಾಡಿದ ಶವರ್ ಅದು.

ಬಾಗಿಲಲ್ಲಿ ಕೋಲೂರಿ ನಿಂತಿದ್ದ ಅತ್ತೆ ಮುಖ ಕಿವುಚಿದರು. "ಥೂ! ಯಾರೋ ಮೈ ತೊಳ್ಕಂಡಿರದ ಇದು. ನನ್ಗ ಬ್ಯಾಡ ಕಣವ್ವ, ಎತ್ತಾಚ್ಗಾಕು."

ಪ್ಲಂಬರ್ ಅದನ್ನು ತನ್ನ ಪ್ಯಾಂಟಿಗೆ ಒರೆಸಿದ. "ಬಿಸ್ನೀರಲ್ಲಿ ತೊಳುದ್ರ ಓಯ್ತದ ಬುಡಕ್ಕ. ಯಾರೋ ವಾಪಸ್ ಕೊಟ್ಟಿರದು. ಆ ಅಂಗ್ಡೀಲಿ ಅಂಗೇಯ."

"ಅಂದ್ರೆ ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವನು ಪೈಪಿನ ಕಡೆ ಬಗ್ಗಿದ. ಅವನನ್ನು ಆಗಲೇ ಕಳುಹಿಸಿಬಿಟ್ಟೆ.

ಶವರನ್ನು ಅದರ ಡಬ್ಬಿಯ ಸಮೇತ, ಅಲ್ಲಿಂದ ತಂದ ನಲ್ಲಿಗಳ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೈಗೆ ತಾಗದಂತೆ ದೂರ ಹಿಡಿದುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಂಗಡಿಯವನು ಎಲೆಅಡಿಕೆಯ ಬಾಯಿ ಒರೆಸಿಕೊಳ್ಳುತ್ತಿದ್ದ. ನಾನು ತೋರಿಸಿದ ಕೂದಲನ್ನು ಉಗುರಿನಿಂದ ಎಳೆದು ನೆಲಕ್ಕೆ ಕೊಡವಿದ. "ಪ್ಯಾಕಿಂಗ್ ದಾರ ಕಣ್ರಿ ಮೇಡಂ," ಎನ್ನುತ್ತ, ಬಾಯಿ ಒರೆಸಿದ ಬಟ್ಟೆಯಲ್ಲೇ ವಾಷರನ್ನೂ ಒರೆಸಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೇರೆ ಕೊಡುತ್ತೇನೆಂದ. ಬೇಡ, ಎಲ್ಲದರ ದುಡ್ಡೂ ವಾಪಸ್ ಕೊಡಿ ಎಂದು ಜೋರು ಮಾಡಿದೆ. ಪೀಡೆ ತೊಲಗಲಿ ಎಂಬಂತೆ ಕೊಟ್ಟ. ನಾನಿನ್ನೂ ಅಲ್ಲೇ ನಿಂತಿರುವಾಗ ಶವರನ್ನು ಡಬ್ಬಿಗೆ ತುರುಕಿ, ಟೇಪ್ ಅಂಟಿಸಿ, ಷೆಲ್ಫಿನಲ್ಲಿಟ್ಟ.

ಅಷ್ಟರಲ್ಲಿ ಶಾಗ್ಯ ಎಂಬ ಊರಿನ ಕಡೆಯ ಗಂಡಹೆಂಡತಿ ಒಳಗೆ ಬಂದರು. ಹೊಸ ಮನೆ ಕಟ್ಟಿಸುತ್ತಿದ್ದರಂತೆ. ಆಕೆ ಶವರ್ ಕೇಳಿದ್ದೇ ತಡ, ಅವನ ಕೈ ಅದೇ ಡಬ್ಬಿಗೆ ಹೋಯಿತು. ಸಾಮಾನ್ಯವಾಗಿ ಪರರ ವ್ಯವಹಾರಕ್ಕೆ ಬಾಯಿ ಹಾಕುವವಳಲ್ಲ ನಾನು. ಆದರೆ ಅವತ್ತು ತಡೆಯಲಾಗಲಿಲ್ಲ.

"ಅದ ತಕಬ್ಯಾಡಿ ಕಣವ್ವ. ಯಾರೋ ಸ್ನಾನ ಮಾಡಿ ಬಿಟ್ಟಿರೋದು. ಈಗ ನಾನೇ ವಾಪಸ್ ಕೊಟ್ಟೆ. ತೆಗೆದು ನೋಡಿ."

"ಯಾಪಾರ ಕೆಡಿಸಾಕ್ ಬಂದಿದ್ದೀರಾ?" ಎಂದು ಅವನು ಕೂಗಾಡಿದ. ಡಬ್ಬಿಯನ್ನು ಮಾತ್ರ ತೆರೆಯಲಿಲ್ಲ. ಆಕೆ ಗಂಡನ ತೋಳು ಹಿಡಿದು ಎಳೆದಳು. ಮೂವರೂ ಹೊರಗೆ ಬಂದೆವು.

ಅದೇ ಬೀದಿಯ ಕೊನೆಯಲ್ಲಿ ಇನ್ನೊಂದು ಸಣ್ಣ ಅಂಗಡಿಯಿತ್ತು, ಅಲ್ಲೊಬ್ಬ ವಯಸ್ಸಾದ ಹೆಂಗಸು. ಕೇಳುವ ಮೊದಲೇ ಆಕೆ ಡಬ್ಬಿ ಬಿಚ್ಚಿ, ನೋಡಲು ಒಂದೇ ಥರ ಇದ್ದ ಎರಡು ನಲ್ಲಿಗಳನ್ನು ನನ್ನ ಎರಡೂ ಅಂಗೈಯಲ್ಲಿಟ್ಟರು. ಒಂದು ಹಗುರ, ಒಂದು ಭಾರ.

"ಮೇಲಿನ್ ಒಳಪು ಎಲ್ಲದ್ರಲ್ಲೂ ಇರ್ತದ ಕಣವ್ವ. ತೂಕ ನೋಡು, ಒಳ್ಗ ಹಿತ್ತಾಳೆ ಹಳದಿ ಅದಾ ನೋಡು. ನಮ್ ಕಡ ಉಪ್ನೀರ್ಗ ಈ ರಬ್ಬರ್ ತೂತಿಂದು ಶವರ್ ತಕ್ಕ. ಉಪ್ಪು ಕಟ್ಟುದ್ರ ಎಬ್ಬೆಟ್ಟಲ್ಲಿ ಉಜ್ಜು, ಉದ್ರೋಯ್ತದ."

ನಾನೂ ಶಾಗ್ಯದ ಆ ಹೆಂಗಸೂ ಒಂದೊಂದನ್ನೇ ತಿರುಗಿಸಿ, ತೂಗಿ, ಒಳಗೆ ಇಣುಕಿ ಆರಿಸಿಕೊಂಡೆವು.

ಸಂಜೆ ಗಂಡನಿಗೆ ಹೇಳಿದರೆ, "ಒಂದು ಕೂದಲಿಗೆ ಇಷ್ಟು ರಂಪ ಮಾಡಿದೆಯಾ?" ಎಂದರು. ಅವತ್ತು ಅವರಿಗೆ ಊಟ ಬಡಿಸಲಿಲ್ಲ.

ಮಾರ್ಟಳ್ಳಿ ಕಡೆಯ ಬೇರೊಬ್ಬ ಪ್ಲಂಬರ್ ಬಂದು ಎಲ್ಲವನ್ನೂ ಕೂರಿಸಿಕೊಟ್ಟ. ಮೊದಲ ದಿನ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಶವರನ್ನು ಕೈಗೆ ಕೊಟ್ಟು, ಜಾರಿಯಾರೆಂದು ಬಾಗಿಲ ಹೊರಗೇ ನಿಂತೆ. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಬಹಳ ಹೊತ್ತಾಯಿತೆಂದು ಬಾಗಿಲು ತಟ್ಟಿದೆ.

"ಬರ್ಬ್ಯಾಡ, ಅತ್ಲಾಗ್ ಓಗವ್ವ," ಎಂದರು ಒಳಗಿನಿಂದ. "ಇನ್ನೂ ಬೆನ್ನು ಬಾಕಿ ಅದ."